ಮೇಲಿನ ಹಾಸಿಗೆ ಯಾರಿಗೆ

ಬಸವಮ್ಮನ ಮೊಣಕಾಲು ಕೈಕೊಟ್ಟಿದ್ದರಿಂದ ಇದೆಲ್ಲ ಶುರುವಾಯಿತು. ಇನ್ನು ನೆಲದ ಮೇಲೆ ಮಲಗಲೇಬಾರದು ಎಂದು ನರಸಿಂಹರಾಜಪುರದ ಡಾಕ್ಟರು ಹೇಳಿದ ಸಂಜೆಯೇ ಮಗ ಬಸವೇಶ ನಡುಮನೆಗೆ ಒಂದು ಒಂಟಿ ಮಂಚ ತಂದು ಹಾಕಿದ. ಅಲ್ಲಿಯವರೆಗೆ ಅಜ್ಜಿಯ ಪಕ್ಕದಲ್ಲಿ ನೆಲದ ಹಾಸಿಗೆಯಲ್ಲಿ ಮಲಗುತ್ತಿದ್ದ ಒಂಬತ್ತು ವರ್ಷದ ಮೇಘನಳಿಗೆ ಜಾಗ ಇಲ್ಲದಂತಾಯಿತು. ಅವಳ ತಮ್ಮ ಪ್ರಸಾದುವಿಗೆ ಐದು ವರ್ಷ. ಶಾಲೆಯ ಹಾಜರಿಯಲ್ಲಿ ಮಾತ್ರ ರೇಣುಕಾಪ್ರಸಾದ್. ಅವನು ಇನ್ನೂ ಅಪ್ಪ ಅಮ್ಮನ ನಡುವೆ ಮಲಗಿ ಇಬ್ಬರನ್ನೂ ಒದೆಯುತ್ತಿದ್ದ.

ಬಸವೇಶನದು ಮೋಟಾರು ವೈಂಡಿಂಗ್ ಅಂಗಡಿ. ರಸ್ತೆಗೆ ಅಂಗಡಿ, ಅದರ ಹಿಂದೆ ಮನೆ. ಮನೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ರಿಪೇರಿಗೆ ಕೊಟ್ಟು ಯಾರೂ ಬಿಡಿಸಿಕೊಂಡು ಹೋಗದ ಹಳೆಯ ಪಂಪುಸೆಟ್ಟುಗಳನ್ನು ತುಂಬಿಟ್ಟಿದ್ದ. ಅವನ್ನು ಹೊರಗೆ ಸಾಗಿಸಿ ಗೋಡೆಗೆ ಸುಣ್ಣ ಹೊಡೆಸಿದ ಮೇಲೂ ಅಲ್ಲಿ ಎರಡು ಮಂಚ ಹಿಡಿಯುವಂತಿರಲಿಲ್ಲ. ಮೇಲೊಂದು ಕೆಳಗೊಂದು ಹಾಸಿಗೆ ಇರುವ ಮಂಚ ತಂದರಾಯಿತು ಎಂದ. ಮಕ್ಕಳು ಆಗಲೇ ಅದಕ್ಕೆ ರೈಲು ಮಂಚ ಎಂದು ಹೆಸರಿಟ್ಟು ಕುಣಿದರು. ಮೇಲಿನದು ನನಗೆ ಎಂದು ಮೇಘನ ಮೊದಲೇ ಹೇಳಿದಳು.

ಮೇಘನ ಹುಟ್ಟಿದ್ದು ಬಸವೇಶನ ಮೊದಲ ಹೆಂಡತಿ ಶಿಲ್ಪಶ್ರೀಯ ಹೊಟ್ಟೆಯಲ್ಲಿ. ಮಗುವಿಗೆ ಎರಡು ವರ್ಷವಾಗಿದ್ದಾಗ ಅವಳು ಜ್ವರ ಬಂದು ತೀರಿಕೊಂಡಳು. ಮರುವರ್ಷ ದಾಕ್ಷಾಯಿಣಿ ಈ ಮನೆಗೆ ಬಂದಳು. ಬಂದ ದಿನದಿಂದ ಆ ಹುಡುಗಿಯ ತಲೆ ಬಾಚಿದವಳು, ಕಜ್ಜಿಗೆ ಮದ್ದು ಹಚ್ಚಿದವಳು, ಶಾಲೆಗೆ ಸೇರಿಸಿದವಳು ಅವಳೇ. ಆದರೂ ಮೇಘನ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ಹಾಗೆ ಕರೆಯಬೇಕೆಂದು ಕಲಿಸಿದವರು ಕೊಪ್ಪದಲ್ಲಿದ್ದ ಶಿಲ್ಪಶ್ರೀಯ ತಾಯಿ ಕಮಲಕ್ಕ. ದಾಕ್ಷಾಯಿಣಿ ಅದಕ್ಕೆ ಬೇಸರಪಟ್ಟುಕೊಂಡಿದ್ದು ಮೊದಲ ಒಂದೆರಡು ವರ್ಷ ಅಷ್ಟೆ.

ದಾಕ್ಷಾಯಿಣಿ ಮನೆಯಲ್ಲೇ ರವಿಕೆ ಹೊಲಿಯುವವಳು, ಎಲ್ಲಕ್ಕೂ ಟೇಪು ಹಿಡಿಯುವ ಅಭ್ಯಾಸ. ಮಂಚದ ಮಾತು ಬಂದ ಮೇಲೆ ಹೊಲಿಗೆಯ ಮಧ್ಯೆ ಮೊಬೈಲಿನಲ್ಲಿ ಒಂದಾದ ಮೇಲೊಂದು ವಿಡಿಯೋ ನೋಡಿದಳು. ಆರು ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದು. ಮೇಲಿನ ಅಡ್ಡಪಟ್ಟಿ ಹಾಸಿಗೆ ಹಾಸಿದ ಮೇಲೂ ಒಂದು ಗೇಣಿನಷ್ಟಾದರೂ ಎತ್ತರ ಉಳಿಯಬೇಕು. ಪಟ್ಟಿಗಳ ಸಂದಿಯಲ್ಲಿ ಮಗುವಿನ ತಲೆ ತೂರಬಾರದು. ತೆಳು ಹಾಸಿಗೆಯೇ ಒಳ್ಳೆಯದು. ಇದನ್ನೆಲ್ಲ ಅವಳು ಊಟದ ಹೊತ್ತಿಗೆ ಹೇಳಿದಾಗ ಬಸವಮ್ಮ, ನಾವು ಮಕ್ಕಳನ್ನು ಸಾಕುವಾಗ ಇಷ್ಟೆಲ್ಲ ಅಳತೆ ಇರಲಿಲ್ಲವಲ್ಲ ಎಂದರು. ಬಸವೇಶ ರೊಟ್ಟಿ ಮುರಿಯುತ್ತ ನಕ್ಕ. ಸಣ್ಣ ಕೋಣೆಯ ಸೂರಿನ ಫ್ಯಾನನ್ನು ಬಿಚ್ಚಿ ಗೋಡೆಗೆ ಹಾಕಬೇಕು, ಮೇಲೆ ಕೂತವರ ಕೈಗೆ ರೆಕ್ಕೆ ಸಿಗುತ್ತದೆ ಎಂದು ಅವಳು ಹೇಳಿದಾಗ ಮಾತ್ರ ನಗು ನಿಲ್ಲಿಸಿ, ಅದೊಂದು ಹೌದು ಎಂದು ಒಪ್ಪಿಕೊಂಡ. ಮರುದಿನವೇ ಬಿಚ್ಚಿದ.

ಜನವರಿ ಕೊನೆಯ ಭಾನುವಾರ ಗಂಡ ಹೆಂಡತಿ ಇಬ್ಬರೂ ಕೊಪ್ಪಕ್ಕೆ ಮಂಚ ನೋಡಲು ಹೋದರು. ಅಂಗಡಿಯಲ್ಲಿದ್ದವು ಕಬ್ಬಿಣದ ಕೊಳವೆಯವು. ದಾಕ್ಷಾಯಿಣಿ ಕಂಬ ಹಿಡಿದು ಅಲುಗಿಸಿದಳು, ಇಡೀ ಮಂಚ ಗಲಗಲ ಎಂದಿತು. ಏಣಿಯ ಮೆಟ್ಟಿಲು ಬೆರಳಿನಷ್ಟು ಸಪೂರ. ಹತ್ತುವ ಮಕ್ಕಳ ಅಂಗಾಲು ಏನಾಗಬೇಕು ಎಂದಳು. ಅಂಗಡಿಯವನಿಗೆ ಸಿಟ್ಟು ಬಂತು, ಬಸವೇಶನಿಗೆ ನಾಚಿಕೆಯಾಯಿತು. ಏನೂ ಕೊಳ್ಳದೆ ಹೊರಬಿದ್ದರು.

ಅಷ್ಟು ದೂರ ಹೋಗಿ ನೋಡದೆ ಬಂದರೆ ತಪ್ಪಾಗುತ್ತದೆಂದು ಕಮಲಕ್ಕನ ಮನೆಗೆ ಹೋದರು. ಕಮಲಕ್ಕ ಉಪ್ಪಿಟ್ಟು ಮಾಡಿ ಕೊಟ್ಟರು, ಮಂಚದ ಸಮಾಚಾರ ಎಲ್ಲ ಕೇಳಿದರು. ಕಾಫಿ ಲೋಟ ಕೈಗಿಡುವಾಗ, ಮೇಲೆ ಯಾರು ಮಲಗುವುದು ಎಂದು ವಿಚಾರಿಸಿದರು. ಮೇಘನ ದೊಡ್ಡವಳಲ್ಲವೇ, ಅವಳೇ ಎಂದಳು ದಾಕ್ಷಾಯಿಣಿ.

ಕಮಲಕ್ಕ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾದ್ರೆ ನನ್ನ ಮೊಮ್ಮಗಳು ಮೇಲೆ, ನಿನ್ನ ಮಗ ಕೆಳಗೆ. ಅಲ್ಲನ?"

ಬಸವೇಶ ಮೊಬೈಲು ನೋಡುತ್ತಿದ್ದ, ಅವನ ಕಿವಿಗೆ ಬಿದ್ದಿತೋ ಇಲ್ಲವೋ. ಬಿದ್ದರೆ ಬೀಳುವುದು ನಿನ್ನ ಮಗನಲ್ಲವಲ್ಲ ಎಂದ ಹಾಗೆ ಕೇಳಿಸಿತು ದಾಕ್ಷಾಯಿಣಿಗೆ. ಬೈಕಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ಮಾತು. ಗಂಡನಿಗೆ ಹೇಳಿದಾಗ, ಅವರು ವಯಸ್ಸಾದವರು, ಏನೋ ಅಂದರು, ಅದನ್ನು ಕಟ್ಟಿಕೊಂಡು ಕೂರಬೇಡ ಎಂದ.

ಮುಂದಿನ ವಾರ ಬಸವೇಶ ಶೃಂಗೇರಿ ಕಡೆ ಒಂದು ಪಂಪು ಇಳಿಸಿ ಬರಲು ಹೋದವನು ಗೂಡ್ಸ್ ಆಟೋದಲ್ಲಿ ಮಂಚವನ್ನೇ ಹೇರಿಕೊಂಡು ಬಂದ. ಮೆಣಸೆಯ ಹತ್ತಿರ ಯಾರೋ ಹೋಂಸ್ಟೇ ಮುಚ್ಚುತ್ತಿದ್ದರು, ಸಾಮಾನು ಮಾರುತ್ತಿದ್ದರು. ಹೆಬ್ಬಲಸಿನ ಮರ, ಅಲುಗಿಸಿದರೂ ಅಲುಗದು. ಬಸವೇಶ ಅದರ ಕಂಬಕ್ಕೆ ಗುದ್ದಿ ತೋರಿಸಿದ. ದಾಕ್ಷಾಯಿಣಿ ಟೇಪು ಹಿಡಿದಳು. ದೊಡ್ಡವರಿಗೆಂದು ಮಾಡಿದ ಮಂಚ, ಪ್ರವಾಸಕ್ಕೆ ಬಂದ ಹುಡುಗರು ಮಲಗುವಂಥದ್ದು. ಹಾಸಿಗೆ ಹಾಸಿದ ಮೇಲೆ ಅಡ್ಡಪಟ್ಟಿ ಉಳಿಯುವುದು ನಾಲ್ಕು ಬೆರಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

"ಕೇಳಿದ್ರೆ ಅದೂ ಬೇಡ ಅಂತಿದ್ದೆ. ಅಂಗಡಿದು ಅಲುಗತ್ತೆ ಅಂದೆ, ಇದು ಅಲುಗಲ್ಲ. ಇನ್ನೆಂತ ಬೇಕು ನಿಂಗೆ?"

ಬಡಗಿ ವಾಸಪ್ಪನನ್ನು ಕರೆಸಿದರು. ಅವನು ಬಂದ, ಕಿವಿಯ ಹಿಂದಿನ ಪೆನ್ಸಿಲು ತೆಗೆದು ಗುರುತು ಹಾಕಿದ, ನಾಲ್ಕು ದಿನದಲ್ಲಿ ಪಟ್ಟಿ ಏರಿಸಿ ಕೊಡುತ್ತೇನೆಂದು ಹೇಳಿ ಬಾಳೆಹೊನ್ನೂರಿನ ಒಂದು ಮನೆ ಕೆಲಸಕ್ಕೆ ಹೋದವನು ಮತ್ತೆ ಬರಲಿಲ್ಲ. ಫೋನು ಮಾಡಿದರೆ ನಾಳೆ ನಾಡಿದ್ದು ಎನ್ನುತ್ತಿದ್ದ. ಅಷ್ಟು ದಿನ ಮೇಘನ ಕೆಳಗಿನ ಹಾಸಿಗೆಯಲ್ಲಿ, ಅಕ್ಕನ ಕೋಣೆ ಬಿಟ್ಟು ಬರಲೊಲ್ಲದ ಪ್ರಸಾದು ಅಲ್ಲೇ ನೆಲದಲ್ಲಿ. ಸಿಮೆಂಟು ನೆಲ ತಣ್ಣಗೆ ಕೊರೆದು ಹುಡುಗನಿಗೆ ಶೀತವಾಯಿತು. ಮಂಚ ಇದ್ದೂ ಹುಡುಗನನ್ನು ನೆಲಕ್ಕೆ ಹಾಕಿದ್ದೀಯ ಎಂದು ಬಸವೇಶ ರೇಗಿದ. ಮೇಘನಳನ್ನು ಮೇಲೆ ಹತ್ತಿಸು, ಒಂಬತ್ತು ವರ್ಷದವಳು ಬೀಳುತ್ತಾಳೆಯೇ ಎಂದ.

ಅವತ್ತು ಮಧ್ಯಾಹ್ನ ಬಸವಮ್ಮ ಸೊಸೆಯನ್ನು ಕರೆದು ಹತ್ತಿರ ಕೂರಿಸಿಕೊಂಡರು. ಅವರ ಮುಂದೆ ಬಿಡಿಸದ ಅವರೆಕಾಯಿ ಹರಡಿತ್ತು.

"ಹುಡುಗಿನ ಮೇಲೆ ಮಲಗಿಸಬೇಡ ಮಾರಾಯ್ತಿ. ತಾಯಿ ಇಲ್ಲದ ಮಗು. ನಾಳೆ ಹೆಚ್ಚುಕಮ್ಮಿ ಆದ್ರೆ ಜನ ಸುಮ್ನಿರ್ತಾರಾ? ಬೇಕು ಅಂತ್ಲೇ ಮಾಡಿದ್ಲು ಅಂತಾರೆ."

"ನೀವೂ ಹಾಗೇ ಅಂತೀರಾ ಅತ್ತೆ?"

"ನಾನೆಂತಕ್ಕೆ ಅನ್ಲಿ? ಜನ ಅಂತಾರೆ ಅಂದೆ."

ಕೊಪ್ಪದಲ್ಲಿ ಕೇಳಿದ ಮಾತು ಈಗ ಮನೆಯೊಳಗೂ ಕೇಳಿಸಿದ ಹಾಗಾಯಿತು ದಾಕ್ಷಾಯಿಣಿಗೆ. ಆ ಸಂಜೆ ಅವಳು ತನಗೆ ಗೊತ್ತಿದ್ದದ್ದನ್ನೆಲ್ಲ ಪಕ್ಕಕ್ಕಿಟ್ಟಳು. ಹಳೆಯದೊಂದು ಸೀರೆ ತಂದು ಮೇಲಿನ ಮಂಚದ ಸುತ್ತ ಕಂಬದಿಂದ ಕಂಬಕ್ಕೆ ಬಿಗಿದು ಗೋಡೆಯ ಹಾಗೆ ಕಟ್ಟಿದಳು. ಎಳೆದು ನೋಡಿದಳು, ಗಟ್ಟಿಯಾಗಿತ್ತು. ಪ್ರಸಾದುವನ್ನು ಎತ್ತಿ ಮೇಲೆ ಮಲಗಿಸಿದಳು. ಹುಡುಗನ ಸಂತೋಷಕ್ಕೆ ಮೇರೆ ಇರಲಿಲ್ಲ. ಮೇಲಿಂದ ರೈಲಿನ ಸೀಟಿ ಹೊಡೆದ.

ಮೇಘನ ಬಾಗಿಲಲ್ಲಿ ನಿಂತು ನೋಡಿದಳು. "ಮೇಲಿನದು ನಂದು ಅಂತ ಹೇಳಿದ್ರಿ."

"ಅವನು ಶೀತ ಮಾಡ್ಕೊಂಡಿದಾನೆ ಮೇಘಿ. ವಾಸಪ್ಪ ಬಂದು ಸರಿ ಮಾಡೋವರೆಗೆ ಅಷ್ಟೆ."

"ಶೀತ ಆದ್ರೆ ಕೆಳಗಿನ ಹಾಸಿಗೇಲೂ ಮಲಗಬೋದಲ್ಲ. ಅವನು ನಿಮ್ಮ ಮಗ. ಅದಕ್ಕೆ."

ದಾಕ್ಷಾಯಿಣಿ ಸೀರೆಯ ಗಂಟನ್ನು ಇನ್ನೊಮ್ಮೆ ಬಿಗಿದಳು. ನಿನ್ನನ್ನು ನಾನು ಬೀಳಿಸುತ್ತೇನೆಂದು ಕೊಪ್ಪದ ನಿನ್ನ ಅಜ್ಜಿಗೆ ಅನುಮಾನ ಎಂದು ಒಂಬತ್ತು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಹುಡುಗಿ ಆ ಸಂಜೆಯಿಂದ ತಮ್ಮನ ಜೊತೆ ಮಾತು ಬಿಟ್ಟಳು. ಚಿಕ್ಕಮ್ಮನ ಕೈಯಿಂದ ಜಡೆ ಹಾಕಿಸಿಕೊಳ್ಳುವುದನ್ನೂ ಬಿಟ್ಟಳು. ವಾರೆ ಬೈತಲೆ ತೆಗೆದುಕೊಂಡು ತಾನೇ ಹೆಣೆದುಕೊಂಡು ಶಾಲೆಗೆ ಹೋಗುತ್ತಿದ್ದಳು. ಊಟಕ್ಕೆ ಕರೆದರೆ ಬಂದು ತಟ್ಟೆಯ ಮುಂದೆ ಕೂತು, ಬಡಿಸಿದ್ದನ್ನು ತಿಂದು, ಎದ್ದು ಹೋಗುವಳು.

ಎಂಟು ದಿನ ಹೀಗೆ ಕಳೆಯಿತು. ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಕಡುಬು ತಿಂದಾದ ಮೇಲೆ ದಾಕ್ಷಾಯಿಣಿ ಹೊದಿಕೆಗಳನ್ನೆಲ್ಲ ಒಗೆಯಲು ತೆಗೆದಳು. ಮಂಚಕ್ಕೆ ಕಟ್ಟಿದ ಸೀರೆಯೂ ಕೊಳೆಯಾಗಿತ್ತು. ಸಂಜೆಯೊಳಗೆ ಒಣಗುತ್ತದೆ, ಆಮೇಲೆ ಕಟ್ಟಿದರಾಯಿತೆಂದು ಅದನ್ನೂ ಬಿಚ್ಚಿ ಬಕೆಟ್ಟಿಗೆ ಹಾಕಿದಳು. ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಾಗ ಒಳಗಿನಿಂದ ಒಂದು ದೊಪ್ಪೆಂಬ ಸದ್ದು ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ಕೂಗು.

ಅವಳು ಓಡಿ ಬರುವಷ್ಟರಲ್ಲಿ ಬಸವೇಶ ಅಂಗಡಿಯಿಂದ ಬಂದಾಗಿತ್ತು. ಪ್ರಸಾದು ನೆಲದ ಮೇಲೆ ಬಿದ್ದಿದ್ದ. ಎಡಗೈ ಮೊಣಕೈಯ ಮೇಲುಗಡೆ ತಿರುಗಬಾರದ ಕಡೆಗೆ ತಿರುಗಿತ್ತು. ಮೇಘನ ಕಿಟಕಿಯ ಪಕ್ಕದಲ್ಲಿ ಬಾಚಣಿಗೆ ಹಿಡಿದು ನಿಂತಿದ್ದಳು, ಮುಖ ಬಿಳುಚಿಕೊಂಡಿತ್ತು.

"ನೀನೆಂತ ಮಾಡ್ದೆ ಅವನಿಗೆ?" ಎಂದ ಬಸವೇಶ.

ಹುಡುಗಿ ಬಾಚಣಿಗೆಯನ್ನು ಎದೆಗೆ ಒತ್ತಿಕೊಂಡಳು. ಬಸವೇಶ ಅವಳ ಕೆನ್ನೆಗೆ ಹೊಡೆದ.

ದಾಕ್ಷಾಯಿಣಿ ಅದನ್ನು ನೋಡಿದಳು. ಒದ್ದೆ ಕೈಯಲ್ಲೇ ಮಗನನ್ನು ಎತ್ತಿಕೊಂಡಳು. ಬೇರೆ ಯಾವುದೂ ಅವಳ ತಲೆಯೊಳಗೆ ಇಳಿಯಲಿಲ್ಲ. ಪಕ್ಕದ ಮನೆಯವರ ಕಾರು ಬಂತು, ಹತ್ತಿದರು, ಹೋದರು.

ಇಲ್ಲಿ ಎಕ್ಸ್‌ರೇ ತೆಗೆದು ನೋಡಿದ ಆಸ್ಪತ್ರೆಯವರು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ಮೊಣಕೈಯ ಮೇಲಿನ ಮೂಳೆ ಮುರಿದು ಸರಿದಿತ್ತು. ಅಲ್ಲಿ ಅರಿವಳಿಕೆ ಕೊಟ್ಟು, ಎರಡು ತಂತಿ ಹಾಕಿ, ಪಟ್ಟಿ ಕಟ್ಟಿದರು. ಬೆರಳು ಆಡಿಸುತ್ತಾನೋ ಇಲ್ಲವೋ ಎಂದು ಗಂಟೆಗೊಮ್ಮೆ ಬಂದು ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಹುಡುಗ ಬೆರಳು ಆಡಿಸಿದ. ಇಡ್ಲಿ ತಿನ್ನುತ್ತ ತಾನೇ ಹೇಳಿದ. ಅಕ್ಕ ಮಾತಾಡುತ್ತಿರಲಿಲ್ಲ, ಅದಕ್ಕೆ ಮೇಲಿನಿಂದ ಬಗ್ಗಿ ಅವಳ ಜಡೆ ಎಳೆಯಲು ಹೋದೆ, ಎಟುಕಲಿಲ್ಲ.

ಬಸವೇಶ ಎದ್ದು ವಾರ್ಡಿನ ಹೊರಗೆ ಹೋದ. ಬಹಳ ಹೊತ್ತು ಬರಲಿಲ್ಲ.

ಮೂರು ದಿನ ಕಳೆದು ಅವರು ಮನೆಗೆ ಬಂದಾಗ ಮೇಘನ ಇರಲಿಲ್ಲ. ಸುದ್ದಿ ತಿಳಿದು ಕಮಲಕ್ಕ ಬಂದಿದ್ದರಂತೆ. ಮೊಮ್ಮಗಳ ಕೆನ್ನೆ ನೋಡಿದರಂತೆ. ಬಸವಮ್ಮ ಎಷ್ಟು ಹೇಳಿದರೂ ಕೇಳದೆ ಹುಡುಗಿಯ ಬಟ್ಟೆ ಪುಸ್ತಕ ಕಟ್ಟಿಸಿಕೊಂಡು ಕೊಪ್ಪಕ್ಕೆ ಕರೆದುಕೊಂಡು ಹೋದರಂತೆ. ಇನ್ನು ಅವಳು ಅಲ್ಲೇ ಓದಲಿ, ಕಳಿಸುವುದಿಲ್ಲ ಎಂದರಂತೆ. ಬಸವಮ್ಮ ಇದನ್ನು ಹೇಳುತ್ತ ಮೊದಲು ಮಗನನ್ನು ಬೈದರು, ಆಮೇಲೆ ಬೀಗಿತ್ತಿಯನ್ನು ಬೈದರು, ಕೊನೆಗೆ ಯಾರನ್ನು ಬೈಯಬೇಕೆಂದು ತಿಳಿಯದೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅವತ್ತು ಮಾಡಿದ ಅನ್ನ ಹಾಗೇ ಉಳಿಯಿತು.

ತಾನು ಹೋಗಿ ಕರೆತರುತ್ತೇನೆಂದು ಬಸವೇಶ ಹೇಳಿದ. ಹೇಳಿದನೇ ಹೊರತು ಎರಡು ದಿನವಾದರೂ ಹೊರಡಲಿಲ್ಲ. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತ ಕೂತಿರುತ್ತಿದ್ದ. ಮಗಳ ಮುಖ ನೋಡಲು ಅವನಿಗೆ ಧೈರ್ಯ ಸಾಲುತ್ತಿಲ್ಲ ಎಂದು ದಾಕ್ಷಾಯಿಣಿಗೆ ಅರ್ಥವಾಯಿತು. ಮೂರನೆಯ ದಿನ ಪ್ರಸಾದುವನ್ನು ಅತ್ತೆಯ ಹತ್ತಿರ ಬಿಟ್ಟು ಅವಳು ಒಬ್ಬಳೇ ಕೊಪ್ಪದ ಬಸ್ಸು ಹತ್ತಿದಳು.

ಕಮಲಕ್ಕ ಅಂಗಳದಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ದಾಕ್ಷಾಯಿಣಿ ಜಗುಲಿಯ ತುದಿಯಲ್ಲಿ ಕೂತಳು. ಒಳಗೆ ಬಾಗಿಲ ಹಿಂದೆ ಮೇಘನಳ ಲಂಗದ ಅಂಚು ಕಾಣುತ್ತಿತ್ತು.

"ಅಮ್ಮ, ಅವತ್ತು ನೀವು ಒಂದು ಮಾತು ಕೇಳಿದ್ರಿ. ನನ್ನ ಮೊಮ್ಮಗಳು ಮೇಲೆ, ನಿನ್ನ ಮಗ ಕೆಳಗೆ ಅಂತ. ಆ ಮಾತಿಗೆ ಹೆದರಿ ಐದು ವರ್ಷದ ಮಗುನ ಮೇಲೆ ಮಲಗಿಸಿದೆ. ಮಲಗಿಸಬಾರದು ಅಂತ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಕಟ್ಟಿದ ಸೀರೆನೂ ನಾನೇ ಬಿಚ್ಚಿದ್ದು. ಮೇಘಿ ಏನೂ ಮಾಡಿಲ್ಲ."

ಕಮಲಕ್ಕ ಸಂಡಿಗೆ ತಿರುವಿ ಹಾಕುವುದನ್ನು ನಿಲ್ಲಿಸಿದರು. "ತಪ್ಪು ತಂದು ನನ್ನ ತಲೆಗೆ ಕಟ್ತೀಯ?"

"ಇಲ್ಲ. ನೀವು ಕೇಳಿದ್ರಿ ಅಷ್ಟೆ. ಮಾಡಿದ್ದು ನಾನು."

"ಹೆತ್ತ ಮಗಳನ್ನ ಕಳಕೊಂಡೋಳು ನಾನು. ಕೇಳದೆ ಇರಕ್ಕೆ ಆಗಲ್ಲ ನಂಗೆ." ಅವರು ಹಿಟ್ಟಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದು ನಿಂತರು.

ಕೇಳಿ ಅಮ್ಮ, ಏನು ಬೇಕಾದರೂ ಕೇಳಿ, ಆದರೆ ಇನ್ನು ಮೇಲೆ ನಾನು ಮಕ್ಕಳಿಗೆ ಯಾವುದು ಸರಿಯೋ ಅದನ್ನೇ ಮಾಡುತ್ತೇನೆ, ಜನರ ಬಾಯಿಗೆ ಹೆದರಿ ಮಾಡುವುದಿಲ್ಲ ಎಂದಳು ದಾಕ್ಷಾಯಿಣಿ.

ಮೇಘನ ಬಾಗಿಲ ಹಿಂದಿನಿಂದ ಹೊರಗೆ ಬಂದಳು. ತಮ್ಮನ ಕೈ ಹೇಗಿದೆ ಎಂದು ಕೇಳಿದಳು. ಬೆರಳು ಆಡಿಸುತ್ತಾನೆ ಎಂದು ಕೇಳಿ ತಲೆಯಾಡಿಸಿದಳು. ಆಮೇಲೆ ದಾಕ್ಷಾಯಿಣಿಯ ಮುಖವನ್ನು ನೇರ ನೋಡಿ ಹೇಳಿದಳು.

"ಅಪ್ಪ ಹೊಡೆದಾಗ ನೀವು ಅಲ್ಲೇ ಇದ್ರಿ."

"ಇದ್ದೆ," ಎಂದಳು ದಾಕ್ಷಾಯಿಣಿ.

ಅವತ್ತು ಹುಡುಗಿ ಅವಳ ಜೊತೆ ಬರಲಿಲ್ಲ. ಬಾ ಎಂದು ದಾಕ್ಷಾಯಿಣಿ ಒತ್ತಾಯ ಮಾಡಲಿಲ್ಲ. ಕಮಲಕ್ಕ ಮಾತಿಲ್ಲದೆ ಒಂದು ಲೋಟ ಮಜ್ಜಿಗೆ ತಂದಿಟ್ಟರು, ಕುಡಿದು ಬಸ್‌ಸ್ಟ್ಯಾಂಡಿಗೆ ನಡೆದಳು.

ಮನೆಗೆ ಬಂದವಳು ಗಂಡನ ಎದುರಿಗೆ ನಿಂತು ಒಂದೇ ಮಾತು ಹೇಳಿದಳು. ನಾನು ನನ್ನದನ್ನು ಒಪ್ಪಿಕೊಂಡು ಬಂದೆ, ನಿಮ್ಮದನ್ನು ನೀವೇ ಹೋಗಿ ಒಪ್ಪಿಕೊಳ್ಳಿ. ಶನಿವಾರ ಬಸವೇಶ ಅಂಗಡಿ ಬಾಗಿಲು ಹಾಕಿ ಹೋದ. ಅಲ್ಲಿ ಏನು ನಡೆಯಿತೆಂದು ಅವನು ಪೂರ್ತಿ ಹೇಳಲಿಲ್ಲ. ಕಮಲಕ್ಕ ಒಂದು ಗಂಟೆ ಬೈದರಂತೆ, ತಲೆ ತಗ್ಗಿಸಿ ಕೇಳಿದನಂತೆ. ಅವರ ಎದುರಿಗೇ ಮಗಳಿಗೆ, ನಂದು ತಪ್ಪಾಯ್ತು ಎಂದನಂತೆ. ಸೋಮವಾರದಿಂದ ಪರೀಕ್ಷೆ ಇದ್ದುದರಿಂದ ಮೇಘನ ಭಾನುವಾರ ಅಪ್ಪನ ಬೈಕಿನಲ್ಲಿ ಬಂದಳು. ಪರೀಕ್ಷೆ ಮುಗಿದ ಮೇಲೆ ಎಲ್ಲಿರುವುದೆಂದು ಅವಳೇ ಹೇಳಲಿ ಎಂದು ಕಮಲಕ್ಕ ಕಳಿಸಿದ್ದರು.

ಅಷ್ಟರೊಳಗೆ ವಾಸಪ್ಪ ಬಂದು ಮಂಚದ ಕೆಲಸ ಮುಗಿಸಿ ಹೋಗಿದ್ದ. ಹುಡುಗನ ಪಟ್ಟಿ ಕಟ್ಟಿದ ಕೈಯನ್ನು ನೋಡಿದವನು ಕೆಲಸ ಮುಗಿಯುವವರೆಗೆ ತಲೆ ಎತ್ತಲಿಲ್ಲ, ಕೊಟ್ಟ ಕಾಫಿ ಮುಟ್ಟಲಿಲ್ಲ. ಅಡ್ಡಪಟ್ಟಿಯನ್ನು ಗೇಣಿಗಿಂತ ಎತ್ತರಕ್ಕೆ ಏರಿಸಿದ್ದ. ಏಣಿಗೆ ಅಗಲ ಹಲಗೆಯ ಮೆಟ್ಟಿಲು ಕೂರಿಸಿದ್ದ. ಹೇಳದೆ ಇದ್ದರೂ ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿದ್ದ. ಮೇಲೆ ಯಾರೂ ಮಲಗಲಿಲ್ಲ. ಪ್ರಸಾದು ಕೆಳಗೆ, ಮೇಘನ ಅಜ್ಜಿಯ ಮಂಚದ ಪಕ್ಕ ನೆಲಕ್ಕೆ. ಯಾರೂ ಅವಳನ್ನು ಏನೂ ಕೇಳಲಿಲ್ಲ. ದಾಕ್ಷಾಯಿಣಿ ಅವಳ ಹಾಸಿಗೆಯ ಕೆಳಗೆ ಇನ್ನೊಂದು ಕಂಬಳಿ ಸೇರಿಸಿ ಹಾಸಿದಳು.

ಮೇಘನ ಕೊನೆಯ ಪರೀಕ್ಷೆ ಮುಗಿಸಿ ಬಂದ ಮಧ್ಯಾಹ್ನ ಪ್ರಸಾದು ಕೆಳಗಿನ ಹಾಸಿಗೆಯಲ್ಲಿ ನಿದ್ದೆ ಹೋಗಿದ್ದ. ದಾಕ್ಷಾಯಿಣಿ ಅವನ ಕೈಯ ಕೆಳಗೆ ದಿಂಬು ಸರಿಪಡಿಸುತ್ತಿದ್ದಳು. ಮೇಘನ ಬಂದು ಏಣಿಯ ಪಕ್ಕ ನಿಂತಳು. ಹೊಸ ಮರದ ಪಟ್ಟಿಯನ್ನು ಕೈಯಿಂದ ಹಿಡಿದು ಅಲುಗಿಸಿದಳು.

"ನಾನು ಬಿದ್ರೆ ಜನ ನಿಮಗೆ ಬೈತಾರಲ್ಲ," ಎಂದಳು.

"ಬೈಲಿ ಬಿಡು."

"ನಿಮಗೆ ಅದಕ್ಕೇನಾ ಹೆದರಿಕೆ? ಬೈತಾರೆ ಅಂತ?"

ದಾಕ್ಷಾಯಿಣಿ ದಿಂಬು ಬಿಟ್ಟು ಎದ್ದು ನಿಂತಳು. "ಮೊದಲು ಅದೇ ಇತ್ತು. ಅದಕ್ಕೇ ತಪ್ಪು ಮಾಡಿದೆ. ನೀನು ಬಿದ್ರೆ ಇವನು ಬಿದ್ದಾಗ ಆದಷ್ಟೇ ಸಂಕಟ ಆಗತ್ತೆ ನಂಗೆ. ನಂಬ್ತೀಯಾ?"

ಹುಡುಗಿ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

"ಗೊತ್ತಿಲ್ಲ," ಎಂದಳು.

"ಆಯ್ತು," ಎಂದಳು ದಾಕ್ಷಾಯಿಣಿ.

ಮೇಘನ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಒಂದೊಂದೇ ಹತ್ತಿದಳು. ಮೇಲೆ ಹೋಗಿ ಮಂಡಿಯೂರಿ, ಪಟ್ಟಿಯ ಮೇಲಿನಿಂದ ಕೆಳಗೆ ನೋಡಿ, ಗೋಡೆಯ ಕಡೆಗೆ ಸರಿದು ಮಲಗಿದಳು.

"ಈಗಲೇ ಹೋಗಬೇಡಿ. ಅಲ್ಲೇ ನಿಂತಿರಿ," ಎಂದಳು ಮೇಲಿನಿಂದ.

ನಡುಮನೆಯಿಂದ ಬಸವಮ್ಮ, ಪಲ್ಯ ತಳ ಹತ್ತಿದ ವಾಸನೆ ಬರುತ್ತಿದೆ, ಎಲ್ಲಿದ್ದೀಯ ಎಂದು ಕರೆದರು. ದಾಕ್ಷಾಯಿಣಿಗೂ ಆ ವಾಸನೆ ಬಂದಿತ್ತು. ಅವಳು ಏಣಿಯ ಕಂಬಕ್ಕೆ ಕೈ ಆನಿಸಿ ನಿಂತೇ ಇದ್ದಳು.